ಮೂರನೇ ಕಂಬದ ಅಳಿಲು

ನಮ್ಮೂರಿಗೆ ಬರುವುದಾದರೆ ಬಿಸಿಲು ಏರುವ ಮೊದಲೇ ಬನ್ನಿ. ಸ್ಮಾರಕದ ಪೂರ್ವದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎಡಗಡೆಯಿಂದ ಸುತ್ತು ಹಾಕಿ. ನಡುಮಂಟಪದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಗುಮ್ಮಟ ಅದನ್ನು ಇಟ್ಟುಕೊಳ್ಳುವುದಿಲ್ಲ, ಹಲವು ಸಲ ಹೊರಳಿಸಿ ನೋಡಿ ವಾಪಸು ಕೊಡುತ್ತದೆ. ಗೋಡೆಯ ಮೇಲೆ ನಿಮ್ಮ ಹೆಸರನ್ನಾಗಲಿ, ಪ್ರೀತಿಸಿದವರ ಹೆಸರನ್ನಾಗಲಿ ಕೆತ್ತಬೇಡಿ, ಇಲಾಖೆಯವರು ದಂಡ ಹಾಕುತ್ತಾರೆ. ಬಾಯಾರಿದರೆ ದಕ್ಷಿಣದ ಮೂಲೆಯಲ್ಲಿ ಮಡಕೆ ಇಟ್ಟುಕೊಂಡು ಕೂತಿರುವ ಮುದುಕಿಯ ಹತ್ತಿರ ಮಜ್ಜಿಗೆ ಕುಡಿಯಿರಿ. ಆಕೆ ನಮ್ಮವ್ವ ಅಂತ ಹೇಳುತ್ತಿಲ್ಲ, ಮಜ್ಜಿಗೆ ನಿಜಕ್ಕೂ ಚೆನ್ನಾಗಿರುತ್ತದೆ. ಗೈಡು ಬೇಕೇ ಬೇಕು. ಆ ಗೈಡು ಶಿವನಂಜ ಅನ್ನುವವನಾದರೆ, ಅಂದರೆ ನಾನೇ ಆದರೆ, ನಿಮ್ಮ ಪುಣ್ಯ. ಇನ್ನೊಂದು ಮಾತು. ಬಸ್ಸಿಳಿದ ಮೇಲೆ ಸ್ಮಾರಕ ಎಲ್ಲಿದೆ ಅಂತ ಊರಿನವರನ್ನು ಕೇಳಬೇಡಿ. ನಮಗೆ ಅದು ಕಾಣುವುದಿಲ್ಲ.

ತಮಾಷೆ ಅಲ್ಲ. ನಮ್ಮಜ್ಜ ಕಾಣಲಿಲ್ಲ, ನಮ್ಮಪ್ಪ ಕಾಣಲಿಲ್ಲ, ನಾನೂ ಕಂಡಿಲ್ಲ. ಊರಿನ ನಟ್ಟನಡುವೆ ನಮ್ಮ ಕಣ್ಣಿಗೆ ಇರುವುದು ಒಂದು ಬಯಲು. ಒಂದಿಷ್ಟು ಕೆಂಪು ಮಣ್ಣು, ಒಂದಿಷ್ಟು ಗರಿಕೆ, 'ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕ' ಅಂತ ಬರೆದ ನೀಲಿ ಬೋರ್ಡು, ಅಷ್ಟೇ. ಮೇಲೆ ನೋಡಿದರೆ ಪಾರಿವಾಳಗಳು ಆಕಾಶದಲ್ಲಿ ಸಾಲಾಗಿ ಕೂತು ರೆಕ್ಕೆ ಕೆರೆದುಕೊಳ್ಳುತ್ತಿರುತ್ತವೆ. ಮಳೆ ಬಂದರೆ ನಾವೆಲ್ಲ ಓಡಿಹೋಗಿ ಬಯಲಿನ ನಡುವೆ ನಿಲ್ಲುತ್ತೇವೆ, ತಲೆಯ ಮೇಲೆ ಮೋಡವೇ ಕಾಣುತ್ತಿರುತ್ತದೆ, ಮೈಮೇಲೆ ಒಂದು ಹನಿ ಬೀಳುವುದಿಲ್ಲ. ಇಡೀ ದೇಶದ ಕ್ಯಾಲೆಂಡರುಗಳಲ್ಲಿ ನಮ್ಮೂರಿನ ಸ್ಮಾರಕದ ಚಿತ್ರ ಇದೆಯಂತೆ. ನಮಗೆ ತಾರೀಖು ಮಾತ್ರ ಕಾಣುತ್ತದೆ. ಅದರ ಸ್ಟಾಂಪು ಬಂದಾಗ ಊರಿನವರೆಲ್ಲ ಅಂಟಿನ ಮಗ್ಗಲು ಯಾವುದು ಅಂತ ತಿಳಿಯದೆ ನೆಕ್ಕಿ ನೆಕ್ಕಿ ನೋಡಿದ್ದರು. ಹಿಂದೊಬ್ಬ ಪಂಚಾಯಿತಿ ಅಧ್ಯಕ್ಷರು, ಹೇಗಾದರೂ ಮಾಡಿ ನೋಡೇಬಿಡೋಣ ಅಂತ ಗೋಡೆಗೆ ಸುಣ್ಣ ಬಳಿಸಿದರು. ಗೋಡೆ ಮುಟ್ಟಿದ ಸುಣ್ಣವೂ ಕಾಣೆಯಾಯಿತು. ಇಲಾಖೆಯಿಂದ ಬಂದ ನೋಟೀಸು ಮಾತ್ರ ಎಲ್ಲರಿಗೂ ಚೆನ್ನಾಗಿ ಕಂಡಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಹಿತ್ತಲ ಗಿಡ ಗಿಡವೂ ಅಲ್ಲ. ಹೆಸರು ಹಿಡಿದು ಕರೆಯಲೂ ಸಂಕೋಚವಾಗಿ ನಾವು ಅದಕ್ಕೆ 'ದೊಡ್ಡದು' ಅನ್ನುತ್ತೇವೆ.

ಹೊರಗಿನಿಂದ ಬಂದವರಿಗೆ ಕಾಣುತ್ತದೆ. ಬಂದು ಇಲ್ಲೇ ನೆಲೆಸಿದರೆ ಒಂದು ದಿನ ಕಾಣುವುದು ನಿಲ್ಲುತ್ತದೆ. ಅದಕ್ಕೆ ಇಷ್ಟೇ ಕಾಲ ಅಂತ ಇಲ್ಲ. ನಮ್ಮ ಬ್ಯಾಂಕಿನ ಮ್ಯಾನೇಜರು ಬಂದು ಆರು ವರ್ಷವಾಯಿತು, ಇವತ್ತಿಗೂ ಗುಮ್ಮಟ ಎಷ್ಟು ಚೆಂದ ಅನ್ನುತ್ತಾರೆ. ಶನಿವಾರ ಮಧ್ಯಾಹ್ನವಾದರೆ ಬ್ಯಾಗು ಹಿಡಿದು ತಮ್ಮೂರಿನ ಬಸ್ಸು ಹತ್ತುವವರಿಗೆ ಕಾಣದೆ ಏನು ಮಾಡೀತು! ಬಳೆ ಮಾರಲು ಬಂದ ಚಾಂದಬೀಗೆ ಒಂದು ವಾರ ಸಾಕಾಯಿತು. ಆರು ದಿನ ಕೇರಿಯ ಹೆಂಗಸರ ಜೊತೆ ಚೌಕಾಸಿ ಮಾಡಿ, ಜಗಳ ಆಡಿ, ಅವರದೇ ಮನೆಯಲ್ಲಿ ಉಂಡು, ಏಳನೆಯ ದಿನ ಬಳೆಯ ಮಲಾರ ಹೊತ್ತು ನೇರ ನಡೆದು ಗೋಡೆಗೆ ಢೀ ಕೊಟ್ಟಳು. ಒಡೆದ ಬಳೆಗಳ ನಡುವೆ ಕೂತ ಅವಳಿಗೆ ಊರೇ ಸೇರಿ ಚಪ್ಪಾಳೆ ಹೊಡೆಯಿತು.

ಈ ಢೀ ಕೊಡುವುದೇ ನಮ್ಮೂರಿನಲ್ಲಿ ಸೊಸೆಯಂದಿರ ಪರೀಕ್ಷೆ. ಮದುವೆಯಾಗಿ ಬಂದವಳಿಗೆ ಮೊದಮೊದಲು ದೊಡ್ಡದು ಕಾಣುತ್ತದೆ, ಹುಷಾರಾಗಿ ಸುತ್ತಿಕೊಂಡು ಹೋಗುತ್ತಾಳೆ. ಒಂದು ದಿನ ಕಾಣುವುದು ನಿಂತು, ಅಂಗಡಿಗೋ ನೀರಿಗೋ ಹೋಗುವಾಗ ಹಣೆ ಬಡಿದು ಬುಗುಟೆ ಏಳುತ್ತದೆ. ಅವತ್ತು ಮನೆಯಲ್ಲಿ ಬುಗುಟೆ ಶಾಸ್ತ್ರ. ಅತ್ತೆ ಆ ಬುಗುಟೆಗೆ ಬೆಣ್ಣೆ ಹಚ್ಚಿ, ಉಗ್ರಾಣದ ಬೀಗದ ಕೈ ಸೊಸೆಯ ಸೊಂಟಕ್ಕೆ ಸಿಕ್ಕಿಸಿ, ಕೇರಿಗೆಲ್ಲ ಪಾಯಸ ಹಂಚುತ್ತಾಳೆ. ಇಲಾಖೆಯವರು ಅಪಘಾತವಾಗದಿರಲಿ ಅಂತ ಗೋಡೆಯ ಸುತ್ತ ಹಗ್ಗ ಕಟ್ಟಿಸುತ್ತಲೇ ಇರುತ್ತಾರೆ. ಊರಲ್ಲೊಂದು ದಿಕ್ಕಿಲ್ಲದ ಕೆಂಪು ಮೇಕೆ ಇದೆ, ಅದು ತಿನ್ನುತ್ತಲೇ ಇರುತ್ತದೆ. ಯಾವ ಅತ್ತೆಯೂ ಆ ಮೇಕೆಯನ್ನು ಓಡಿಸಿದ್ದು ನಾನು ನೋಡಿಲ್ಲ.

ಇಂಥ ಊರಲ್ಲಿ ಗೈಡಿನ ಕೆಲಸ ಎಂಥದ್ದು ಅಂತ ನೀವೇ ಊಹಿಸಿ. ನನಗೆ ಈ ವಿದ್ಯೆ ಕಲಿಸಿದವರು ಗೌಸ್ ಸಾಬರು. ಅವರಿಗೆ ಅವರಪ್ಪ ಕಲಿಸಿದ್ದು. ಕೈಗೆಟುಕುವಷ್ಟು ಎತ್ತರದವರೆಗೆ ತಡವಿ ನೋಡಿ ತಿಳಿದದ್ದು ಒಂದಷ್ಟು, ಬಂದವರ ಬಾಯಿಂದ ಕಿತ್ತುಕೊಂಡದ್ದು ಒಂದಷ್ಟು. ಆದರೆ ಬಂದವರ ಬಾಯಿಯನ್ನು ನಂಬಿ ಹೊಟ್ಟೆ ತುಂಬುವುದಿಲ್ಲ. ದೊಡ್ಡದರ ಮುಂದೆ ನಿಂತ ಕೂಡಲೇ "ಅಬ್ಬಾ" ಅನ್ನುತ್ತಾರೆ, "ವರ್ಣಿಸೋಕೇ ಆಗಲ್ಲ" ಅನ್ನುತ್ತಾರೆ. ನೋಡಿದವರೇ ವರ್ಣಿಸದಿದ್ದರೆ ನೋಡದವನು ಏನು ಮಾಡಬೇಕು? ಹಾಗಾಗಿ "ಇದು ಕಂಬ, ಇದು ಇನ್ನೊಂದು ಕಂಬ, ಮೇಲೆ ಗುಮ್ಮಟ, ಶಿಲ್ಪಕಲೆಯ ಅದ್ಭುತ" ಅನ್ನುವಷ್ಟರಲ್ಲಿ ನನ್ನ ಸರಕು ಮುಗಿಯುತ್ತಿತ್ತು. ಸುಗುಣ ಬರುವವರೆಗೆ.

ಸುಗುಣ ನನ್ನ ಹೆಂಡತಿ, ಹೊಳೆಯಾಚೆಯವಳು. ಮದುವೆ ಮುಗಿಸಿ ಊರಿಗೆ ಕರೆತಂದ ದಿನ ಬಯಲಿನ ಅಂಚಿನಲ್ಲಿ ಗಕ್ಕನೆ ನಿಂತುಬಿಟ್ಟಳು. ಕತ್ತೆತ್ತಿ, ಬಾಸಿಂಗ ಹಿಂದಕ್ಕೆ ಜಾರಿದರೂ ಲೆಕ್ಕಿಸದೆ ನೋಡಿದಳು. ಆರತಿ ತಟ್ಟೆ ಹಿಡಿದವರು ಕಾಯುತ್ತಿದ್ದರು. ನಾನು ಅವಳ ಕಿವಿಯ ಹತ್ತಿರ ಬಗ್ಗಿ, "ಏನು ಕಂಡೆ?" ಅಂದೆ. ಗಂಡ ಹೆಂಡತಿಯಾದ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು ಅದೇ. ಅವಳು "ಅಬ್ಬಾ" ಅನ್ನಲಿಲ್ಲ. "ಬಾಗಿಲ ಮೇಲೆ ಹಂಸಗಳ ಸಾಲಿದೆ. ಎಲ್ಲಾ ಮುಂದೆ ನೋಡ್ತಿವೆ, ಒಂದು ಮಾತ್ರ ತಿರುಗಿ ಹಿಂದೆ ನೋಡ್ತಿದೆ. ಪಾಪ, ಏನೋ ಮರೆತು ಬಂದಿರಬೇಕು," ಅಂದಳು. ಇಂಥ ಹುಡುಗಿ ನನಗೆ ಸಿಕ್ಕಳಲ್ಲ ಅಂತ ನನ್ನ ಎದೆ ಹಿಗ್ಗಿಹೋಯಿತು.

ಅಂದಿನಿಂದ ಅದೇ ನಮ್ಮ ರೂಢಿಯಾಯಿತು. ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ನಾನು ಜಗಲಿಯ ಮೇಲೆ ಕೂರುವುದು, ಅವಳು ಕಡ್ಲೆಪುರಿ ತಂದಿಡುವುದು, ನಾನು "ಇವತ್ತೇನು ಕಂಡೆ?" ಅನ್ನುವುದು. ದಿನಕ್ಕೊಂದು ಹೊಸದು ಕಾಣುತ್ತಿತ್ತು ಅವಳಿಗೆ. ಮೂರನೇ ಕಂಬದ ಮೇಲ್ಗಡೆ ಹಲಸಿನ ತೊಳೆ ತಿನ್ನುವ ಅಳಿಲು, ಅದರ ಮೀಸೆಗೆ ಅಂಟು ಮೆತ್ತಿದೆ. ಪಡುವಣ ಗೋಡೆಯ ನಡುವೆ ಸೀನುತ್ತಿರುವ ಆನೆ, ಮಾವುತ ಎರಡೂ ಕೈಯಲ್ಲಿ ಪೇಟ ಹಿಡಿದುಕೊಂಡಿದ್ದಾನೆ. ಗುಮ್ಮಟದ ಕೊರಳಲ್ಲಿ, ತೀರಾ ಮೇಲೆ, ಮೂಗುತಿ ಕಳೆದುಕೊಂಡು ಬಗ್ಗಿ ಹುಡುಕುತ್ತಿರುವ ರಾಣಿ. ನಾನು ಮಾರನೆಯ ದಿನ ಅದನ್ನೇ ಉಪ್ಪುಖಾರ ಹಚ್ಚಿ ಬಂದವರಿಗೆ ಬಡಿಸುತ್ತಿದ್ದೆ. ಬೆರಳು ತೋರಿಸಿ "ಅಗೋ ಅಳಿಲು" ಅಂದರೆ ಎಲ್ಲರೂ ಕತ್ತೆತ್ತಿ, ಕಣ್ಣು ಕಿರಿದು ಮಾಡಿ, "ಓಹೋ, ಹೌದು ಹೌದು" ಅನ್ನುತ್ತಿದ್ದರು. ಎರಡೇ ವರ್ಷದಲ್ಲಿ ನನ್ನ ಹೆಸರು ಎಷ್ಟಾಯಿತು ಅಂದರೆ ಗೌಸ್ ಸಾಬರು ತಾವೇ ಬಂದು ನನ್ನ ಗುಂಪಿನ ಹಿಂದೆ ನಿಂತು ಕೇಳಿಸಿಕೊಂಡು, "ಎಲ್ಲಿ ಕಲ್ತ್ಯೋ ನಂಜಪ್ಪ ಇದೆಲ್ಲಾ?" ಅಂದರು. ನಾನು ಮೀಸೆ ಸವರಿಕೊಂಡೆ.

ಇತ್ತ ಅವ್ವ ಕೊರಗುತ್ತಿದ್ದಳು. ಎರಡು ವರ್ಷವಾದರೂ ಸುಗುಣಳ ಹಣೆ ನುಣ್ಣಗಿತ್ತು. ಅವಳಿಗಿಂತ ಆಮೇಲೆ ಬಂದ ಸೊಸೆಯರೆಲ್ಲ ಬುಗುಟೆ ಎಬ್ಬಿಸಿಕೊಂಡು ಬೀಗದ ಕೈ ಝಣಝಣ ಅನ್ನಿಸುತ್ತ ಓಡಾಡುತ್ತಿದ್ದರು. ಸುಗುಣ ದಿನಾ ಮಜ್ಜಿಗೆಯ ಮಡಕೆ ಹೊತ್ತು ಅವ್ವನ ಜೊತೆ ಬಯಲಿಗೆ ಹೋಗುವವಳು, ಗೋಡೆಯ ಹತ್ತಿರ ಬಂದ ಕೂಡಲೇ ಅಳೆದಂತೆ ನಿಂತು ಪಕ್ಕಕ್ಕೆ ತಿರುಗುತ್ತಿದ್ದಳು. ಮಜ್ಜಿಗೆ ಕುಡಿಯಲು ಬಂದ ಕೇರಿಯ ಹೆಂಗಸರು ಲೋಟ ಕೆಳಗಿಡುವ ಮೊದಲು "ಇನ್ನೂ ಕಾಣ್ತದಾ ದೊಡ್ಡತಾಯವ್ವ, ನಿನ್ ಸೊಸೆಗೆ?" ಅಂತ ಕೇಳುತ್ತಿದ್ದರು. ಹೇಗೆ ಕೇಳುತ್ತಿದ್ದರು ಅಂದರೆ, ಮಕ್ಕಳಾದವಾ ಅಂತ ಕೇಳಿದ ಹಾಗೆ.

"ನಾನೇನು ಕಮ್ಮಿ ಮಾಡಿದೀನೋ ಮಗಾ ಅವಳಿಗೆ?" ಅಂತ ಅವ್ವ ಒಂದು ದಿನ ಕಡೆಗೋಲು ನಿಲ್ಲಿಸಿ ಕೇಳಿದಳು. "ಒಂದ್ ದಿನ ಗದರಿಲ್ಲ. ಅವಳು ಉಣ್ಣದೆ ನಾನು ಉಂಡಿಲ್ಲ. ಹಣೆ ನೋಡು, ಹಾಲಿನ ಬಟ್ಟಲು ಇದ್ದಂಗೆ ಐತೆ. ಮನಸೆಲ್ಲಾ ಅವರಪ್ಪನ ಮನೇಲೇ ಐತೆ ಕಣೋ ಅವಳ್ದು."

"ಬಿಡವ್ವ, ಆಗ್ತದೆ," ಅಂದೆ. ಅನ್ನುವಾಗ ನನಗೇ ಕಳವಳ. ಅತ್ತ ದರಿ ಇತ್ತ ಪುಲಿ ಅನ್ನುವ ಸ್ಥಿತಿ ನನ್ನದು. ಸುಗುಣಳಿಗೆ ದೊಡ್ಡದು ಕಾಣುವುದು ನಿಂತರೆ ನನ್ನ ಅಳಿಲು, ಆನೆ, ರಾಣಿಯರ ಊಟೆ ಬತ್ತಿತು, ಮತ್ತೆ "ಇದು ಕಂಬ, ಇದು ಇನ್ನೊಂದು ಕಂಬ." ನಿಲ್ಲದಿದ್ದರೆ ಅವಳು ನಮ್ಮವಳೇ ಅಲ್ಲ, ಎರಡು ವರ್ಷದಿಂದ ನಮ್ಮ ಮನೆಗೆ ಪ್ರವಾಸ ಬಂದವಳು. ಸಂಜೆ ಅವಳ ಬಾಯಿಂದ ಹೊಸ ಶಿಲ್ಪ ಕೇಳಿ ಹಿಗ್ಗುತ್ತಿದ್ದೆ, ಮಲಗುವಾಗ ಅದೇ ಶಿಲ್ಪ ಎದೆಯ ಮೇಲೆ ಬಂದು ಕೂರುತ್ತಿತ್ತು. ನನಗೆ ಎರಡೂ ಬೇಕಿತ್ತು. ಹೇಳಿಕೊಳ್ಳಲು ನಾಚಿಕೆ.

ಹೀಗಿರುವಾಗ ಲಲಿತಾಂಬ ಮೇಡಂ ಬಂದರು. ಯಾವುದೋ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮಡಚುವ ಸ್ಟೂಲು, ಕಪ್ಪು ಕೊಡೆ, ತೋಳಿನುದ್ದದ ಕಾಗದದ ಸುರುಳಿ. ಒಂದು ವಾರ ಲಾಡ್ಜಿನಲ್ಲಿದ್ದು ಸ್ಮಾರಕವನ್ನು ಬರೆಯಲು ಬಂದಿದ್ದರು. ಬರೆಯುವ ಮೊದಲು ಒಮ್ಮೆ ಸುತ್ತಿಬರೋಣ ಅಂತ ನನ್ನನ್ನು ಗೊತ್ತು ಮಾಡಿಕೊಂಡರು. ಆ ಬೆಳಗ್ಗೆ ಗುಂಪಿನಲ್ಲಿ ಇನ್ನೂ ಐದಾರು ಜನ ಇದ್ದರು. ಹಂಸದ ಸಾಲು ತೋರಿಸಿದೆ, ಎಲ್ಲರೂ ತಲೆದೂಗಿದರು. ಮೂರನೇ ಕಂಬದ ಹತ್ತಿರ ಬಂದು, ಧ್ವನಿ ತಗ್ಗಿಸಿ, ಬೆರಳೆತ್ತಿ, "ಈಗ ನೋಡಿ, ಹಲಸಿನ ತೊಳೆ ತಿನ್ನೋ ಅಳಿಲು," ಅಂದೆ.

"ಓಹೋ!" ಅಂದರು ಐದಾರು ಜನ.

"ಎಲ್ಲಿ?" ಅಂದರು ಮೇಡಂ.

"ಅಲ್ಲೇ ಮೇಡಂ, ಮೇಲ್ಗಡೆ. ಮೀಸೆಗೆ ಅಂಟು ಮೆತ್ತಿದೆ ನೋಡಿ."

"ನೋಡಪ್ಪ, ಅಲ್ಲಿ ಮೀಸೇನೂ ಇಲ್ಲ, ಅಳಿಲೂ ಇಲ್ಲ. ಅದು ಬೋಳು ಕಂಬ."

"ಕನ್ನಡಕ ಒಂಚೂರು ಒರೆಸ್ಕೊಳ್ಳಿ ಮೇಡಂ."

ಪಾಪ, ಅವರು ಒರೆಸಿಕೊಂಡರು. ಮತ್ತೆ ನೋಡಿದರು. "ಈಗ ಇನ್ನೂ ಚೆನ್ನಾಗಿ ಬೋಳಾಗಿದೆ," ಅಂದರು.

ಗುಂಪಿನವರು ಮೇಡಮ್ಮನ ಕಡೆ ಕನಿಕರದಿಂದ ನೋಡಿದರು. ನಾನೂ ನೋಡಿದೆ. ಉಳಿದವರು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಅವರು ನನ್ನನ್ನು ಬಿಡಲಿಲ್ಲ. ಸ್ಟೂಲು ಬಿಚ್ಚಿ ಕೂತು, "ನಿನ್ನ ಪಟ್ಟಾಂಗ ಎಲ್ಲಾ ಇನ್ನೊಂದ್ಸಲ ಹೇಳು, ಒಂದೊಂದಾಗಿ," ಅಂದರು. ಹೇಳಿದೆ. ತಿರುಗಿ ನೋಡುವ ಹಂಸ? ಇದೆ. ಬಾಗಿಲವಾಡದ ಬಳ್ಳಿಯಲ್ಲಿ ಅಡಗಿದ ಗಿಳಿ? ಇದೆ, ಸೊಗಸಾಗಿದೆ. ಸೀನುವ ಆನೆ? ಇಲ್ಲ, ಅಲ್ಲಿ ಬರೀ ಹೂವಿನ ಪಟ್ಟಿ. ಮೂಗುತಿಯ ರಾಣಿ? ಗುಮ್ಮಟದ ಕೊರಳಲ್ಲಿ ಕಿಟಕಿ ಮಾತ್ರ ಇದೆ. ಹೇಳುತ್ತ ಹೋದಂತೆ ಒಂದು ಸಂಗತಿ ನನಗೇ ಹೊಳೆಯತೊಡಗಿತು. ಸುಗುಣ ಮದುವೆಯಾದ ಹೊಸತರಲ್ಲಿ ಹೇಳಿದ್ದೆಲ್ಲ ಇದೆ. ಆಮೇಲೆ ಹೇಳಿದ್ದು ಒಂದೂ ಇಲ್ಲ.

"ಎರಡು ವರ್ಷದಿಂದ ಹೇಳ್ತಿದೀಯ, ಇಷ್ಟು ಜನ ಬಂದು ಹೋದ್ರಲ್ಲ, ಯಾರೂ ಇಲ್ಲ ಅನ್ನಲಿಲ್ವೇನಪ್ಪಾ?" ಅಂತ ಮೇಡಂ ಕೇಳಿದರು.

"ಎಲ್ಲಾರೂ ಕಾಣ್ತು ಅಂದ್ರು ಮೇಡಂ. ಒಬ್ರು ಅಳಿಲಿನ ಫೋಟೋನೂ ತೆಗೆದ್ರು."

ಮೇಡಂ ಕೊಡೆಯ ಕೆಳಗೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ನಗು ಬರಲಿಲ್ಲ. ಕಿವಿಯಿಂದ ಹೊಗೆ ಬರುತ್ತಿತ್ತು. ಎರಡು ವರ್ಷ ನಾನು ಬೋಳು ಕಂಬಕ್ಕೆ ಬೆರಳು ತೋರಿಸಿದ್ದೇನೆ, ಇಲ್ಲದ ಆನೆಯ ಸೀನನ್ನು ಮೂಗು ಹಿಡಿದು ಅಭಿನಯಿಸಿದ್ದೇನೆ. ನನ್ನ ಕಣ್ಣಿಗೆ ಮಣ್ಣೆರಚಿದವಳು ಹೊರಗಿನವಳಲ್ಲ, ಕಡ್ಲೆಪುರಿ ತಂದಿಡುವವಳು.

ಮನೆಗೆ ಹೋದಾಗ ಸುಗುಣ ಹಿತ್ತಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವ್ವ ಬಯಲಿನಲ್ಲಿ ಮಡಕೆಯ ಹತ್ತಿರ ಇದ್ದಳು. ನಾನು ಪೀಠಿಕೆ ಹಾಕಲಿಲ್ಲ.

"ಮೂರನೇ ಕಂಬದ ಮೇಲೆ ಏನಿದೆ?"

"ಅಳಿಲು," ಅಂದಳು ತಲೆಯೆತ್ತದೆ.

"ಲಲಿತಾಂಬ ಮೇಡಂ ಇಲ್ಲ ಅಂತಾರೆ."

ಅವಳ ಬೆರಳುಗಳು ಅಕ್ಕಿಯ ನಡುವೆ ನಿಂತವು. ಬಹಳ ಹೊತ್ತು ಕಲ್ಲೂ ಸಿಗಲಿಲ್ಲ, ನೆಲ್ಲೂ ಸಿಗಲಿಲ್ಲ. ಆಮೇಲೆ, "ನಂಗೆ ಕಾಣಲ್ಲ ಕಣ್ರೀ," ಅಂದಳು.

"ಏನು ಕಾಣಲ್ಲ?"

"ಏನೂ ಕಾಣಲ್ಲ. ದೊಡ್ಡದೇ ಕಾಣಲ್ಲ. ನಿಮಗೆಲ್ಲಾ ಇದ್ದ ಹಾಗೆ ನಂಗೂ ಬಯಲು, ಬೋರ್ಡು, ಪಾರಿವಾಳ."

ನಾನು ಅಲ್ಲೇ ಒರಳುಕಲ್ಲಿನ ಮೇಲೆ ಕೂತೆ. "ಯಾವಾಗಿಂದ?"

"ಬಂದ ಹೊಸದ್ರಲ್ಲಿ ನಂಗೆ ಜ್ವರ ಬಂದಿತ್ತಲ್ಲ, ನೆನಪಿದ್ಯಾ? ಆಗ ಅತ್ತೆ ಮಜ್ಜಿಗೆ ಮಾರೋಕೆ ಹೋಗ್ಲಿಲ್ಲ. ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಕೂತೇ ಇದ್ರು. ಕೂತ್ಕೊಂಡು ಬೈತಿದ್ರು, 'ನನ್ ಮನೇಲಿ ಹಿಂಗೆಲ್ಲಾ ಮಲಗಂಗಿಲ್ಲ ಕಣೇ, ಏಳು, ಏಳೇ ನನ್ನವ್ವ' ಅಂತ. ನಮ್ಮಮ್ಮನೂ ನಂಗೆ ಹಾಗೆ ಬೈದಿರಲಿಲ್ಲ. ಜ್ವರ ಬಿಟ್ಟ ಮೇಲೆ ಎದ್ದು ಬಾಗಿಲಿಗೆ ಬಂದು ನೋಡ್ತೀನಿ, ಗುಮ್ಮಟ ಇಲ್ಲ. ಪಾರಿವಾಳ ಮಾತ್ರ ಅಷ್ಟೆತ್ತರದಲ್ಲಿ ಕೂತಿವೆ."

"ಮತ್ತೆ ಹೇಳಬಾರದಿತ್ತೇನೇ?"

"ಹೇಳೋಣ ಅಂತಾನೇ ಇದ್ದೆ. ಸಂಜೆ ನೀವು ಬಂದ್ರಿ, ಮುಖ ಅರಳಿಸ್ಕೊಂಡು ಕೂತ್ರಿ, ಇವತ್ತೇನು ಕಂಡೆ ಅಂದ್ರಿ. ಏನೂ ಇಲ್ಲ ಅಂದ್ರೆ ನಾಳೆಯಿಂದ ನನ್ನ ಹತ್ರ ಏನು ಕೇಳ್ತೀರ? ಸಾರಿಗೆ ಉಪ್ಪು ಹೆಚ್ಚಾಯ್ತಲ್ಲ ಅಂತೀರ, ಅಷ್ಟೇ. ಅದಕ್ಕೆ ಅಳಿಲು ಅಂದೆ. ನೀವು ಎಷ್ಟು ನಕ್ಕಿರಿ! ಮಾರನೇ ದಿನ ಆನೆ ಬೇಕಾಯ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಗೋಡೆ ಹತ್ರ ಬಂದಾಗ ಕಲ್ಲಿನ ತಂಪು ಕೆನ್ನೆಗೆ ತಾಗುತ್ತೆ. ತಾಗಿದ ಕೂಡ್ಲೇ ನಿಲ್ಲೋದು ಕಲ್ತ್ಕೊಂಡೆ. ನೀವುಗಳು ಬಿರುಬೀಸಾಗಿ ನಡೀತೀರ, ಅದಕ್ಕೆ ಬಡಿಸ್ಕೋತೀರ."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಒರಳುಕಲ್ಲಿನ ಮೇಲೆ ಕೂತಿದ್ದ ನನ್ನ ಹೊಟ್ಟೆಗೆ ಯಾರೋ ತಣ್ಣಗೆ ಹಾಲು ಹೊಯ್ದಂತಾಯಿತು. ಅವಳು ಪ್ರವಾಸ ಬಂದವಳಲ್ಲ, ಜ್ವರದ ದಿನದಿಂದಲೂ ನಮ್ಮವಳೇ. ಅದರ ಬೆನ್ನಿಗೇ ಅವ್ವನ ನೆನಪಾಯಿತು.

"ಅವ್ವ ಎಷ್ಟು ಕೊರಗ್ತಿದ್ದಾಳೆ ಗೊತ್ತೇನೇ?"

"ಗೊತ್ತು. ಅದು ನೆನೆಸ್ಕೊಂಡ್ರೆ ಅನ್ನ ಇಳಿಯಲ್ಲ ನಂಗೆ. ದಿನಾ ಹೇಳ್ಬೇಕು ಅನ್ಕೋತೀನಿ. ಸುಳ್ಳು ಬೆಳೆದುಬಿಡ್ತು ಕಣ್ರೀ, ಎಲ್ಲಿಂದ ಶುರು ಮಾಡೋದು?" ಅಂದಳು. ಆಮೇಲೆ ಮೊರ ಕೆಳಗಿಟ್ಟು, ಸೆರಗು ಬಿಗಿದು, "ಬಾಯಲ್ಲಿ ಹೇಳಿದ್ರೆ ಅತ್ತೆ ನಂಬಲ್ಲ, ಸಮಾಧಾನಕ್ಕೆ ಹೇಳ್ತಾಳೆ ಅಂತಾರೆ. ನಾಳೆ ಅವರ ಕಣ್ಣೆದುರಿಗೇ ಹೋಗಿ ಢೀ ಕೊಟ್ಟುಬಿಡ್ತೀನಿ," ಅಂದಳು.

ಮಾರನೆಯ ಬೆಳಗ್ಗೆ ಅವ್ವ ಮೂಲೆಯಲ್ಲಿ ಮಡಕೆ ಹೂಡಿ ಕೂತಿದ್ದಳು. ಲಲಿತಾಂಬ ಮೇಡಂ ಆಚೆ ಕೊಡೆಯ ಕೆಳಗೆ ಕಾಗದ ಹರಡಿಕೊಂಡು ಬರೆಯುತ್ತಿದ್ದರು. ನಾನು ಗುಂಪಿಗಾಗಿ ಕಾಯುವವನ ಹಾಗೆ ನಿಂತೆ. ಸುಗುಣ ಬಿಂದಿಗೆ ಹಿಡಿದು, ಹಣೆ ಮುಂದೆ ಮಾಡಿ, ಗಂಭೀರವಾಗಿ ನಡೆದು ಬಂದಳು. ಇನ್ನೇನು ಬಡಿಯಬೇಕು, ಕಾಲು ತಾನಾಗಿ ನಿಂತಿತು. ಎರಡು ವರ್ಷದ ಅಭ್ಯಾಸ. ಹಿಂದೆ ಹೋಗಿ ಮತ್ತೆ ಬಂದಳು. ಮತ್ತೆ ನಿಂತಳು. ಕಣ್ಣು ಮುಚ್ಚಿಕೊಂಡು ಬಂದಳು, ಕೆನ್ನೆ ಅವಳ ಮಾತು ಕೇಳದೆ ನಿಲ್ಲಿಸಿತು. ನಾನು ದೂರದಿಂದ "ಜೋರಾಗಿ, ಜೋರಾಗಿ" ಅಂತ ಕೈಸನ್ನೆ ಮಾಡುತ್ತಿದ್ದೆ. ಬೇಕೆಂದು ಮೂತಿ ಒಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ಪ್ರಯತ್ನಿಸಿದವರಿಗೇ ಗೊತ್ತು.

ಅವ್ವ ಎಲ್ಲ ನೋಡಿದಳು. ಅವಳಿಗೆ ಕಂಡದ್ದು ಬೇರೆ. "ನೋಡು, ಹೆಂಗೆ ಅಳತೆ ಇಟ್ಟಂಗೆ ನಿಲ್ತಾಳೆ," ಅಂತ ತನ್ನಷ್ಟಕ್ಕೆ ಅಂದುಕೊಂಡು ಆ ಕಡೆ ಮುಖ ತಿರುಗಿಸಿದಳು. ಮುಖ ತಿರುಗಿಸಿದ್ದೇ ತಡ, ಆ ಕೆಂಪು ಮೇಕೆ ಬಂತು. ಅವತ್ತು ಅದಕ್ಕೆ ಹಗ್ಗ ಸಾಕಾಗಿರಲಿಲ್ಲ. ಮಡಕೆಯೊಳಕ್ಕೆ ಕತ್ತು ಹಾಕಿತು, ಕೊಂಬು ಸಿಕ್ಕಿಕೊಂಡಿತು, ಗಾಬರಿಯಾಗಿ ತಲೆ ಎತ್ತಿತು. ಮೇಕೆಯ ತಲೆಯ ಮೇಲೆ ಮಡಕೆ, ಮಡಕೆಯಿಂದ ಮಜ್ಜಿಗೆ, ಮಜ್ಜಿಗೆಯಲ್ಲಿ ನಮ್ಮವ್ವ. ಹಿಡಿಯಲು ಹೋದವಳು ಜಾರಿ ಕೂತು, ಇದ್ದ ಮಗನನ್ನು ಕರೆಯದೆ, "ಸುಗುಣಾ! ಬಾರೇ ನನ್ನವ್ವ!" ಅಂತ ಕೂಗಿದಳು.

ಸುಗುಣ ಬಿಂದಿಗೆ ಬಿಸಾಕಿ "ಅತ್ತೇ!" ಅಂತ ಓಡಿದಳು. ಸುತ್ತಿ ಬರುವುದಿಲ್ಲ, ತಂಪು ನೋಡುವುದಿಲ್ಲ, ಅವ್ವ ಇದ್ದ ಕಡೆಗೆ ನೆಟ್ಟಗೆ. ಹಣೆ ಬಡಿದ ಸದ್ದು ನಾನು ನಿಂತಲ್ಲಿಯವರೆಗೆ ಕೇಳಿಸಿತು. ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು.

ನಾನು ಹೋಗಿ ತಲುಪುವಷ್ಟರಲ್ಲಿ ಅವ್ವ ಕುಂಟುತ್ತ ಬಂದು ಅವಳ ಹತ್ತಿರ ಕೂತಾಗಿತ್ತು. ಮೇಕೆ ಮಡಕೆಯ ಸಮೇತ ಎತ್ತಲೋ ಓಡಿಹೋಗಿತ್ತು. ಸುಗುಣಳ ಹಣೆಯ ಮೇಲೆ ಬುಗುಟೆ ನಿಂಬೆಹಣ್ಣಿನಷ್ಟಾಗಿ ಏಳುತ್ತಿತ್ತು, ಅವ್ವ ಅದು ಏಳುವುದನ್ನು ಬಾಯಿ ತೆರೆದು ನೋಡುತ್ತಿದ್ದಳು. ತನ್ನ ಸೆರಗಿಗೆ ಮೆತ್ತಿದ್ದ ಬೆಣ್ಣೆಯನ್ನೇ ಬೆರಳಲ್ಲಿ ಬಾಚಿ ಹಣೆಗೆ ಹಚ್ಚಿದಳು. ಸೊಂಟದ ಬೀಗದ ಕೈ ಕಿತ್ತು ಅವಳ ಸೊಂಟಕ್ಕೆ ಸಿಕ್ಕಿಸಿದಳು.

"ಇವತ್ತಿಂದ ನನ್ನವಳಾದೆ ಕಣೇ," ಅಂದಳು.

"ಇವತ್ತಿಂದಲ್ಲ ಅತ್ತೆ," ಅಂದಳು ಸುಗುಣ. ಅಲ್ಲೇ ಗೋಡೆಯ ಬುಡದಲ್ಲಿ ಕೂತು, ಜ್ವರ, ಒದ್ದೆ ಬಟ್ಟೆ, ಅಳಿಲು, ಆನೆ, ಎಲ್ಲ ಆಚೆ ಕೊಡೆಯ ಕೆಳಗಿದ್ದ ಮೇಡಮ್ಮನಿಗೂ ಕೇಳಿಸುವಷ್ಟು ಜೋರಾಗಿ ಹೇಳಿಬಿಟ್ಟಳು. ಅವ್ವ ಕೇಳಿದಳು. ಕೇಳಿ ಮುಗಿದ ಮೇಲೆ ಸೊಸೆಯ ಬೆನ್ನಿಗೆ ಫಟ್ಟನೆ ಒಂದು ಕೊಟ್ಟಳು.

"ಎರಡು ವರ್ಷ ನನ್ನ ಅಳಿಸಿದ್ಯಲ್ಲೇ, ಕಳ್ಳಿ!" ಅಂದು, ಹೊಡೆದ ಕೈಯಿಂದಲೇ ಅವಳನ್ನು ತಬ್ಬಿಕೊಂಡು ಅತ್ತಳು. ಸುಗುಣಳೂ ಅತ್ತಳು. ಆಮೇಲೆ ಅವ್ವ ನನ್ನ ಕಡೆ ತಿರುಗಿ, "ನೀನ್ಯಾಕೋ ಹಲ್ಲು ಕಿರೀತಿದೀಯ? ಎಲ್ಲಾ ನಿನ್ನಿಂದ್ಲೇ ಆಗಿದ್ದು. ಹೋಗಿ ಮಡಕೆ ಹಿಡ್ಕೊಂಡು ಬಾ," ಅಂದಳು. ಮಡಕೆ ಸಿಕ್ಕಿತು. ಅದರೊಳಗೆ ಮೇಕೆ ಇನ್ನೂ ಇತ್ತು.

ಮನೆಯಲ್ಲಿ ಪಾಯಸವಾಯಿತು. ಎರಡು ವರ್ಷದ ಬಡ್ಡಿ ಸೇರಿಸಿ ಅವ್ವ ಎರಡೆರಡು ಸೌಟು ಹಂಚಿದಳು. ಆ ವಾರದ ಕೊನೆಗೆ ಲಲಿತಾಂಬ ಮೇಡಂ ಊರಿಗೆ ಹೊರಡುವ ಮೊದಲು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಸುರುಳಿ. "ಸ್ಮಾರಕದ ಚಿತ್ರ, ನಿಮಗೆ ಅಂತ ಬರೆದೆ," ಅಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡದರ ಚಿತ್ರ ಯಾರು ಕೊಟ್ಟರೂ ನಮಗೆ ಖಾಲಿ ಹಾಳೆ. ಕೊಟ್ಟವರ ಮನಸ್ಸು ನೋಯಬಾರದು ಅಂತ "ಬಹಳ ಚೆನ್ನಾಗಿದೆ" ಅನ್ನುವುದು ವಾಡಿಕೆ. ಆ ಮಾತನ್ನು ನಾಲಗೆಯ ತುದಿಗೆ ತಂದುಕೊಂಡು ಸುರುಳಿ ಬಿಚ್ಚಿದೆ.

ಹಾಳೆಯ ಕೆಳಭಾಗದಲ್ಲಿ ಒಂದು ಅಳಿಲು ಹಲಸಿನ ತೊಳೆ ತಿನ್ನುತ್ತಿತ್ತು. ಮೀಸೆಗೆ ಅಂಟು ಮೆತ್ತಿತ್ತು. ಅದರಿಂದ ಬಲಕ್ಕೆ, ಇನ್ನಷ್ಟು ಮೇಲೆ, ಬಿಳಿಯ ಬಯಲಿನ ನಡುವೆ ಒಂದು ಆನೆ ಸೀನುತ್ತಿತ್ತು, ಮಾವುತ ಪೇಟ ಹಿಡಿದಿದ್ದ. ಇನ್ನೂ ಮೇಲೆ, ಬಹಳ ಮೇಲೆ, ಹಾಳೆಯ ತುದಿಯಲ್ಲಿ, ಚಿಕ್ಕ ರಾಣಿಯೊಬ್ಬಳು ಬಗ್ಗಿ ಮೂಗುತಿ ಹುಡುಕುತ್ತಿದ್ದಳು. ಹಂಸಗಳ ಸಾಲು ಇದ್ದಿರಬೇಕು, ಗಿಳಿ ಇದ್ದಿರಬೇಕು, ಕಂಬ, ಗೋಡೆ, ಗುಮ್ಮಟ ಎಲ್ಲ ಇದ್ದಿರಬೇಕು. ನಮಗೆ ಕಂಡದ್ದು ಅಲ್ಲಿ ಇಲ್ಲದವು ಮಾತ್ರ.

"ಕಾಣ್ತಾ?" ಅಂತ ಮೇಡಂ ಕೇಳಿದರು. "ಸುಗುಣ ಹೇಳಿದ ಜಾಗದಲ್ಲೇ, ಹೇಳಿದ ಎತ್ತರದಲ್ಲೇ ಕೂರಿಸಿದೀನಿ."

ಸುಗುಣ ಬಾಯಿಗೆ ಸೆರಗು ಒತ್ತಿಕೊಂಡು ತನ್ನ ಅಳಿಲನ್ನೇ ನೋಡುತ್ತಿದ್ದಳು. ಅವ್ವ ಹತ್ತಿರ ಬಂದು ಬೆರಳನ್ನು ಅಳಿಲಿನ ಮೇಲಿಟ್ಟಳು. ಅಲ್ಲಿಂದ ಆನೆಗೆ ಏರಿಸಿದಳು. ಆನೆಯಿಂದ ರಾಣಿಯವರೆಗೆ ಏರಿಸುತ್ತ ಏರಿಸುತ್ತ ತೋಳನ್ನು ಪೂರ್ತಿ ಚಾಚಬೇಕಾಯಿತು. ಆ ಬಯಲಿನ ಮೂಲೆಯಲ್ಲಿ ಜೀವಮಾನವೆಲ್ಲ ಮಜ್ಜಿಗೆ ಮಾರಿದವಳು ಅವಳು.

"ಇಷ್ಟು ದೊಡ್ಡದಾ ಅದು?" ಅಂದಳು.

ಚಿತ್ರ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ನಾನು ಈಗಲೂ ಮೂರನೇ ಕಂಬದ ಹತ್ತಿರ ನಿಂತು ಅಳಿಲನ್ನು ತೋರಿಸುತ್ತೇನೆ. ನೀವು ಬಂದಾಗ ಕಂಡಿತು ಅಂತಲೂ ಅನ್ನಬಹುದು, ಇಲ್ಲ ಅಂತಲೂ ಅನ್ನಬಹುದು. ಇಲ್ಲ ಅಂದವರನ್ನು ಮನೆಗೆ ಕರೆದುಕೊಂಡು ಹೋಗಿ ನಿಜವಾದ ಅಳಿಲನ್ನು ತೋರಿಸಿ ಮಜ್ಜಿಗೆ ಕೊಡುತ್ತೇನೆ. ಇಷ್ಟು ದಿನಕ್ಕೆ ಹಾಗೆ ಬಂದವರು ಬೆರಳೆಣಿಕೆಯಷ್ಟು.

ಮೇಡಂ ಬಸ್ಸು ಹತ್ತಿದ ದಿನ ಸಂಜೆ ನಾನು ಕೈಕಾಲು ತೊಳೆದು ಜಗಲಿಯ ಮೇಲೆ ಕೂತೆ. ಏನು ಮಾತಾಡುವುದೋ ತಿಳಿಯಲಿಲ್ಲ. ಸುಗುಣ ಕಡ್ಲೆಪುರಿ ತಂದಿಟ್ಟು, ಹಣೆಯ ಬುಗುಟೆ ಸವರಿಕೊಳ್ಳುತ್ತ, ಕಂಬಕ್ಕೆ ಒರಗಿ ನಿಂತಳು. ಎದುರಿಗೆ ಬಯಲು, ಬೋರ್ಡು. ಪಾರಿವಾಳಗಳು ಆಕಾಶದಲ್ಲಿ ತಮ್ಮ ತಮ್ಮ ಜಾಗ ಹಿಡಿದು ಕೂರುತ್ತಿದ್ದವು. ಸಾರಿಗೆ ಉಪ್ಪು ಸರಿಯಾಗಿತ್ತು ಅನ್ನೋಣವೇ ಅಂದುಕೊಂಡೆ. ಬಾಯಿಂದ ಬಂದದ್ದು ಅದಲ್ಲ.

"ಇವತ್ತೇನು ಕಂಡೆ?"

ಅವಳು ನನ್ನನ್ನೊಮ್ಮೆ ನೋಡಿದಳು. ಆಮೇಲೆ ಕತ್ತೆತ್ತಿ, ಏನೂ ಇಲ್ಲದ ಕಡೆ ಬಹಳ ಮೇಲೆ, ಕಣ್ಣು ಕಿರಿದು ಮಾಡಿ ನೋಡಿದಳು.

"ರಾಣಿಗೆ ಮೂಗುತಿ ಸಿಕ್ತು ಕಣ್ರೀ," ಅಂದಳು.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಎಲ್ಲಿತ್ತಂತೆ?" ಅಂತ ಅವ್ವ ಕೇಳಿದಳು.